ಪರದೆಯ ಪಾಠ, ರೋಗಿಯ ಮಗ್ಗುಲು

ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಎಂಬಿಬಿಎಸ್ ಮುಗಿಸಿದವರನ್ನು ಡಾಕ್ಟರ್ ಎಂದು ಒಪ್ಪಬಹುದೇ? 2022ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂತು. ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳಿಗೆ ಕೋವಿಡ್ ಹೊತ್ತಿಗೆ ಊರಿಗೆ ಬಂದ ಮೇಲೆ ಮರಳಿ ಹೋಗಲಾಗಲಿಲ್ಲ. ಆಸ್ಪತ್ರೆಯಲ್ಲಿ ಕಳೆಯಬೇಕಿದ್ದ ಕೊನೆಯ ಅವಧಿಯನ್ನು ಆನ್‌ಲೈನ್‌ನಲ್ಲೇ ಮುಗಿಸಿದರು, ಪದವಿ ಪಡೆದರು, ವಿದೇಶದಲ್ಲಿ ಓದಿದವರಿಗೆಂದು ಇಲ್ಲಿ ನಡೆಯುವ ಎಫ್‌ಎಂಜಿಇ ಪರೀಕ್ಷೆಯನ್ನೂ ಪಾಸು ಮಾಡಿದರು. ಆದರೂ ತಮಿಳುನಾಡು ವೈದ್ಯಕೀಯ ಮಂಡಳಿ ಅವರ ನೋಂದಣಿಗೆ ಒಪ್ಪಲಿಲ್ಲ. ಮದ್ರಾಸ್ ಹೈಕೋರ್ಟ್ ವಿದ್ಯಾರ್ಥಿಗಳ ಕಡೆ ನಿಂತಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ ಮೇಲ್ಮನವಿ ಹೋಯಿತು. ಪ್ರಾಯೋಗಿಕ ತರಬೇತಿ ಇಲ್ಲದವರನ್ನು ನೋಂದಾಯಿಸಿಕೊಳ್ಳಲೇಬೇಕೆಂದು ಆಯೋಗವನ್ನು ಬಲವಂತಪಡಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೆ, ಈ ಮಕ್ಕಳ ಓದು ಮಣ್ಣುಪಾಲಾಗದಂತೆ ಎರಡು ತಿಂಗಳಲ್ಲಿ ಒಂದು ದಾರಿ ಮಾಡಿಕೊಡಿ ಎಂದೂ ಸೂಚಿಸಿತು. ಆ ವರ್ಷ ಜುಲೈ 28ರ ಪ್ರಕಟಣೆಯಲ್ಲಿ ಆಯೋಗ ತೋರಿಸಿದ ದಾರಿ ಇದು: ಇಂಟರ್ನ್‌ಶಿಪ್ ಒಂದು ವರ್ಷದ ಬದಲು ಎರಡು ವರ್ಷ.

ತಪ್ಪಿಹೋದ ವಾರ್ಡಿಗೆ ಬದಲಾಗಿ ಒಂದು ಇಡೀ ವರ್ಷ ಕೊಡಬೇಕಾಯಿತು. ಆ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸೋತವರಲ್ಲ ಎಂಬುದು ಇಲ್ಲಿ ಮುಖ್ಯ. ಪುಸ್ತಕದ ತಿಳಿವಳಿಕೆ ಅವರಿಗಿತ್ತು, ಅದನ್ನು ಪರದೆಯೇ ಕೊಟ್ಟಿತ್ತು. ಕೊಡಲಾಗದೆ ಉಳಿದದ್ದು ಬೇರೆ. ಕೊಡಬಹುದಾದದ್ದಕ್ಕೂ ಕೊಡಲಾಗದ್ದಕ್ಕೂ ನಡುವಿನ ಗೆರೆ ನಿಖರವಾಗಿ ಎಲ್ಲಿದೆ ಎಂದು ಹುಡುಕುವ ಕೆಲಸವನ್ನು ನಮ್ಮ ವೈದ್ಯಕೀಯ ಶಿಕ್ಷಣ ಕೋವಿಡ್ ಮುಗಿದ ಮೇಲೆ ಅರ್ಧಕ್ಕೇ ಬಿಟ್ಟಿದೆ. ಕಾಲೇಜುಗಳು ತೆರೆದವು, ಎಲ್ಲವೂ ಮೊದಲಿನಂತಾಯಿತು ಎಂದು ನಾವು ಅಂದುಕೊಂಡೆವು. ಮೊದಲಿನಂತೆ ಆಗಿಲ್ಲ. ಆನ್‌ಲೈನ್ ಪಾಠ ಕಾಲೇಜಿನ ಅನುಮತಿಗೆ ಕಾಯದೆ ವಿದ್ಯಾರ್ಥಿಯ ಜೇಬಿನಲ್ಲಿ ಉಳಿದುಬಿಟ್ಟಿದೆ. ಅದನ್ನು ಅಳೆಯಲು ನನಗೆ ತೋಚುವ ಅಳತೆ ಒಂದೇ: ಅದು ವಿದ್ಯಾರ್ಥಿಯನ್ನು ರೋಗಿಯ ಹತ್ತಿರ ತರುತ್ತದೋ, ರೋಗಿಯಿಂದ ದೂರ ಒಯ್ಯುತ್ತದೋ?

ಮೊದಲು ಸಂಶೋಧನೆ ಏನು ಹೇಳುತ್ತದೆ ನೋಡೋಣ. ಈ ಬಗೆಯ ಹೋಲಿಕೆಗಳು ಕೋವಿಡ್‌ಗಿಂತ ಬಹಳ ಮುಂಚಿನವು. ಅಮೆರಿಕದ ಮೇಯೋ ಕ್ಲಿನಿಕ್‌ನ ಡೇವಿಡ್ ಕುಕ್ ಮತ್ತು ಸಂಗಡಿಗರು 2008ರಲ್ಲಿ 201 ಅಧ್ಯಯನಗಳನ್ನು ಒಟ್ಟುಗೂಡಿಸಿ ‘ಜಾಮಾ’ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಏನೂ ಕಲಿಸದ ಗುಂಪಿಗೆ ಹೋಲಿಸಿದರೆ ಇಂಟರ್ನೆಟ್ ಮೂಲಕ ಕಲಿತವರು ಬಹಳ ಮುಂದಿದ್ದರು. ಜ್ಞಾನದ ಮಟ್ಟಿಗೆ ಪರಿಣಾಮದ ಪ್ರಮಾಣ 1.00. ಅದೇ ಪಾಠವನ್ನು ತರಗತಿಯಲ್ಲಿ ಅಥವಾ ಮುದ್ರಿತ ರೂಪದಲ್ಲಿ ಕಲಿತವರೊಂದಿಗೆ ಹೋಲಿಸಿದಾಗ ಆ ಪ್ರಮಾಣ 0.12ಕ್ಕೆ ಇಳಿಯಿತು, ಅಂದರೆ ಹೆಚ್ಚುಕಮ್ಮಿ ಸಮಸಮ. 2018ರ ಕಾಕ್ರೇನ್ ಸಮೀಕ್ಷೆ 16 ಪ್ರಯೋಗಗಳನ್ನು ಪರಿಶೀಲಿಸಿತು, ಅವುಗಳಲ್ಲಿ 5,679 ಆರೋಗ್ಯ ವೃತ್ತಿಪರರಿದ್ದರು. ಆನ್‌ಲೈನ್ ಕಲಿಕೆಯಿಂದ ರೋಗಿಗಳ ಸ್ಥಿತಿಯಲ್ಲಾಗಲಿ ವೈದ್ಯರ ನಡವಳಿಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದಕ್ಕೆ ಕಾಣಲಿಲ್ಲ. ಎಂಬಿಬಿಎಸ್ ಮಟ್ಟದ ವಿದ್ಯಾರ್ಥಿಗಳನ್ನೇ ಕುರಿತ 2019ರ ಒಂದು ವಿಶ್ಲೇಷಣೆಯಲ್ಲೂ ತರಗತಿಯ ಪಾಠವೇ ಮೇಲು ಎನ್ನಲು ಆಧಾರ ಸಿಗಲಿಲ್ಲ.

ಈ ಫಲಿತಾಂಶಗಳನ್ನು ಆನ್‌ಲೈನ್‌ನ ಗೆಲುವು ಎಂದು ಓದುವವರಿದ್ದಾರೆ. ನನಗೆ ಅದು ನಮ್ಮ ಉಪನ್ಯಾಸಗಳ ಬಗ್ಗೆ ಬಂದ ವರದಿಯಾಗಿ ಕಾಣುತ್ತದೆ. ನೂರೈವತ್ತು ಮಂದಿ ಕೂತ ಗ್ಯಾಲರಿಯಲ್ಲಿ ಸ್ಲೈಡ್ ಓದಿ ಹೇಳುವ ಪಾಠಕ್ಕೂ, ಅದೇ ಸ್ಲೈಡನ್ನು ಮನೆಯಲ್ಲಿ ನೋಡುವುದಕ್ಕೂ ವ್ಯತ್ಯಾಸ ಇಲ್ಲವೆಂದಾದರೆ ಆ ಗ್ಯಾಲರಿ ಯಾಕೆ ಬೇಕು? 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಇದನ್ನು ಒಪ್ಪಿಕೊಂಡೇ ಇದೆ: ಉಪನ್ಯಾಸ ಒಟ್ಟು ವೇಳಾಪಟ್ಟಿಯ ಮೂರನೆಯ ಒಂದು ಭಾಗವನ್ನು ಮೀರಬಾರದು, ಮಿಕ್ಕದ್ದು ಚರ್ಚೆ, ಪ್ರಾಯೋಗಿಕ, ವಾರ್ಡ್ ಕೆಲಸ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಇನ್ನೂ ಮುಂದೆ ಹೋಗಿ, ಉಪನ್ಯಾಸಗಳನ್ನೇ ಪೂರ್ತಿ ಕೈಬಿಡುವುದಾಗಿ 2016ರಲ್ಲಿ ಸಾರಿತು.

ಸಂಶೋಧನೆ ಅಳೆದದ್ದು ಯಾವುದನ್ನು ಎಂಬುದನ್ನೂ ಕೇಳಬೇಕು. ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣತಜ್ಞರು 1990ರಲ್ಲಿ ವೈದ್ಯನ ಕಲಿಕೆಯನ್ನು ನಾಲ್ಕು ಅಂತಸ್ತಿನ ಪಿರಮಿಡ್ಡಾಗಿ ಬಿಡಿಸಿದ್ದರು. ಕೆಳಗೆ ‘ತಿಳಿದಿದೆ’, ಅದರ ಮೇಲೆ ‘ಹೇಗೆಂದು ತಿಳಿದಿದೆ’, ಮೂರನೆಯದು ‘ಮಾಡಿ ತೋರಿಸಬಲ್ಲ’, ತುದಿಯಲ್ಲಿ ‘ಮಾಡುತ್ತಾನೆ’. ಹೋಲಿಕೆಯ ಅಧ್ಯಯನಗಳಲ್ಲಿ ಬಹುಪಾಲು ಕೆಳಗಿನ ಎರಡು ಅಂತಸ್ತುಗಳನ್ನೇ ಅಳೆದಿವೆ. ಬಹು ಆಯ್ಕೆಯ ಪ್ರಶ್ನೆಗಳಿಂದ ಅಳೆಯಲು ಸುಲಭವಾದದ್ದೂ ಅದೇ. ಮೂರನೆಯ ಅಂತಸ್ತನ್ನು ಅಳೆಯಬಲ್ಲ, ರೊನಾಲ್ಡ್ ಹಾರ್ಡನ್ 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಶುರುಮಾಡಿದ ಓಸ್ಕಿ ಪರೀಕ್ಷೆ ಇವತ್ತು ನಮ್ಮ ಕಾಲೇಜುಗಳಲ್ಲೂ ಇದೆ: ಮೇಜಿನಿಂದ ಮೇಜಿಗೆ ಹೋಗುತ್ತಾ ಒಂದೊಂದು ಕಡೆ ಒಂದೊಂದು ಕೆಲಸವನ್ನು ಪರೀಕ್ಷಕರ ಕಣ್ಣೆದುರು ಮಾಡಿ ತೋರಿಸಬೇಕು. ನಾಲ್ಕನೆಯ ಅಂತಸ್ತು, ಯಾರೂ ನೋಡದಿದ್ದಾಗ ರಾತ್ರಿ ಎರಡು ಗಂಟೆಯ ಕ್ಯಾಶುವಾಲಿಟಿಯಲ್ಲಿ ಅವನು ಏನು ಮಾಡುತ್ತಾನೆ ಎಂಬುದು, ಯಾವ ಪರದೆಯ ಅಳತೆಗೂ ಸಿಕ್ಕಿಲ್ಲ.

ಇನ್ನು, ಪರದೆ ನಿಜವಾಗಿಯೂ ಮೇಲಾದ ಜಾಗಗಳಿವೆ. ಅವನ್ನು ಧಾರಾಳವಾಗಿ ಒಪ್ಪಿಕೊಳ್ಳಬೇಕು. ಹಿಸ್ಟಾಲಜಿ ಮತ್ತು ಪೆಥಾಲಜಿ ತರಗತಿಗಳಲ್ಲಿ ಹಿಂದೆ ಒಂದು ಮೈಕ್ರೋಸ್ಕೋಪಿಗೆ ನಾಲ್ಕೈದು ಮಂದಿ ಸಾಲು ನಿಲ್ಲುತ್ತಿದ್ದರು. ಮುಂದಿನವನು ನೋಡಿದ ಜೀವಕೋಶವನ್ನೇ ತಾನೂ ನೋಡುತ್ತಿದ್ದೇನೆಯೇ ಎಂಬ ಖಾತ್ರಿ ಹಿಂದಿನವನಿಗೆ ಇರುತ್ತಿರಲಿಲ್ಲ. ಇಡೀ ಸ್ಲೈಡನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತಂದರೆ ಎಲ್ಲರೂ ಒಂದೇ ಚಿತ್ರವನ್ನು ಬೇಕಾದಷ್ಟು ಹಿಗ್ಗಿಸಿ ನೋಡಬಹುದು, ಉಪನ್ಯಾಸಕರು ಬಾಣದ ಗುರುತಿನಿಂದ ತೋರಿಸಬಹುದು. ಎಕ್ಸ್‌ರೇ, ಸಿಟಿ, ಎಂಆರ್‌ಐ ಇವೆಲ್ಲ ಈಗ ಆಸ್ಪತ್ರೆಯಲ್ಲೇ ಪರದೆಯ ಮೇಲೆ ಓದುವಂಥವು. ಅವನ್ನು ಪರದೆಯ ಮೇಲೆ ಕಲಿತರೆ ಕಳೆದುಕೊಳ್ಳುವುದು ಏನೂ ಇಲ್ಲ. ಫಾರ್ಮಕಾಲಜಿಯದು ಇನ್ನೂ ಒಳ್ಳೆಯ ಕಥೆ. ಕಪ್ಪೆಯ ಹೃದಯ, ಮೊಲದ ಕಣ್ಣಿನ ಮೇಲೆ ಔಷಧಿ ಹಾಕಿ ನೋಡುವ ಪ್ರಯೋಗಗಳಿಗೆ ಬದಲಾಗಿ ಪುದುಚೇರಿಯ ಜಿಪ್ಮರ್‌ನ ಆರ್. ರವೀಂದ್ರನ್ ‘ಎಕ್ಸ್‌ಫಾರ್ಮ್’ ಎಂಬ ತಂತ್ರಾಂಶ ರೂಪಿಸಿದರು. ಎಂಬಿಬಿಎಸ್ ವಿದ್ಯಾರ್ಥಿ ಅದೇ ಪ್ರಯೋಗವನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಮಾಡಿ ನೋಡಬಹುದು, ಯಾವ ಜೀವಿಯೂ ಸಾಯುವುದಿಲ್ಲ. ಭಾರತದ ವೈದ್ಯಕೀಯ ಶಿಕ್ಷಣದಲ್ಲಿ ಕಂಪ್ಯೂಟರ್ ತಂದ ಬದಲಾವಣೆಗಳಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ಇದು.

ಕಿವಿಯ ಕೆಲಸವನ್ನೂ ಸ್ವಲ್ಪ ದೂರ ಪರದೆ ಕಲಿಸಬಲ್ಲದು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಹೃದಯತಜ್ಞ ಮೈಕೇಲ್ ಬ್ಯಾರೆಟ್, ಹೃದಯದ ಮರ್ಮರ ಶಬ್ದಗಳನ್ನು ಗುರುತಿಸಲು ಬೇಕಾದದ್ದು ವಿವರಣೆಗಿಂತ ಪುನರಾವರ್ತನೆ ಎಂದು ತೋರಿಸಿದರು. ಒಂದೊಂದು ಶಬ್ದವನ್ನೂ ಐನೂರು ಸಲ ಕೇಳಿದ ವಿದ್ಯಾರ್ಥಿಗಳು ಅದನ್ನು ಗುರುತಿಸುವುದರಲ್ಲಿ ಬಹಳ ಮುಂದೆ ಹೋದರು. ಯಾವ ವಾರ್ಡಿನಲ್ಲೂ ಒಬ್ಬ ರೋಗಿಯ ಎದೆಯನ್ನು ಐನೂರು ಸಲ ಆಲಿಸಲು ಆಗದು, ಆಲಿಸಲೂ ಬಾರದು. ಆದರೆ ಹೆಡ್‌ಫೋನಿನಲ್ಲಿ ಕಲಿತ ಕಿವಿ ವಾರ್ಡಿಗೆ ಬಂದಾಗ ಮತ್ತೊಂದು ಪಾಠ ಶುರುವಾಗುತ್ತದೆ. ಮೈಟ್ರಲ್ ಕವಾಟ ಕಿರಿದಾದ ರೋಗಿಯ ಮರ್ಮರ ಬಹಳ ಮೆದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಬೇಕು, ಸ್ಟೆತಾಸ್ಕೋಪಿನ ಗಂಟೆಯ ಭಾಗವನ್ನು ಹಗುರವಾಗಿ ಇಡಬೇಕು, ಉಸಿರು ಬಿಟ್ಟು ಹಿಡಿಯಲು ಹೇಳಬೇಕು. ಪಕ್ಕದ ಬೆಡ್ಡಿನಲ್ಲಿ ಮಗು ಅಳುತ್ತಿರುತ್ತದೆ. ರೋಗಿ ಹೆಣ್ಣುಮಗಳಾದರೆ ಸಂಕೋಚಪಡದಂತೆ ಹೇಳಿ, ಜೊತೆಗೆ ನರ್ಸನ್ನು ಕರೆದು, ಸೆರಗು ಸರಿಪಡಿಸಿಕೊಳ್ಳಲು ಬಿಡುವು ಕೊಟ್ಟು ಪರೀಕ್ಷಿಸುವುದನ್ನೂ ಅಲ್ಲೇ ಕಲಿಯಬೇಕು.

ಅನಾಟಮಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅತಿ ಹೆಚ್ಚು ತಂತ್ರಜ್ಞಾನ ಹರಿದದ್ದೂ, ಅತಿ ಹೆಚ್ಚು ವಾದ ನಡೆದದ್ದೂ ಅಲ್ಲೇ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ‘ವಿಸಿಬಲ್ ಹ್ಯೂಮನ್’ ಯೋಜನೆಯಲ್ಲಿ 1994ರ ನವೆಂಬರಿನಲ್ಲಿ ಒಂದು ಪುರುಷ ದೇಹದ 1,871 ಅಡ್ಡಕೊಯ್ತಗಳನ್ನು, ಒಂದೊಂದರ ನಡುವೆ ಒಂದು ಮಿಲಿಮೀಟರ್ ಅಂತರದಲ್ಲಿ, ಎಲ್ಲರಿಗೂ ತೆರೆದಿಟ್ಟಿತು. ಮರುವರ್ಷ ಸ್ತ್ರೀ ದೇಹ ಬಂತು, ಇನ್ನೂ ಸೂಕ್ಷ್ಮವಾಗಿ. ಇಂದಿನ ಮೂರು ಆಯಾಮದ ಅನಾಟಮಿ ಆ್ಯಪ್‌ಗಳಿಗೂ, ಮೇಜಿನ ಗಾತ್ರದ ಡಿಸೆಕ್ಷನ್ ಪರದೆಗಳಿಗೂ ದಾರಿ ಮಾಡಿಕೊಟ್ಟ ಕೆಲಸಗಳಲ್ಲಿ ಇದು ದೊಡ್ಡದು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಕಣ್ಣಿಗೆ ಕಟ್ಟುವ ಹೋಲೋಲೆನ್ಸ್ ಸಾಧನದಲ್ಲಿ ಅನಾಟಮಿ ಕಲಿಸುವ ವ್ಯವಸ್ಥೆ ಮಾಡಿಕೊಂಡಿತ್ತು. 2020ರಲ್ಲಿ ಕಾಲೇಜು ಮುಚ್ಚಿದಾಗ ಅದೇ ಸಾಧನವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಬಳಸಿ ಒಟ್ಟಿಗೆ ಪಾಠ ಕೇಳಿದರು.

ನರ ಯಾವ ಸ್ನಾಯುವಿನ ಹಿಂದೆ ಹಾದುಹೋಗುತ್ತದೆ ಎಂದು ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳಲು ಇವೆಲ್ಲ ಅದ್ಭುತ ಉಪಕರಣಗಳು. ಆದರೆ ತಂತ್ರಾಂಶದ ದೇಹದಲ್ಲಿ ಪ್ರತಿ ರಕ್ತನಾಳವೂ ಪುಸ್ತಕ ಹೇಳಿದ ಜಾಗದಲ್ಲೇ ಇರುತ್ತದೆ. ನಿಜವಾದ ದೇಹಗಳಲ್ಲಿ ಇರುವುದಿಲ್ಲ. ಮುಂಗೈಯಲ್ಲಿ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಪಿತ್ತಕೋಶಕ್ಕೆ ರಕ್ತ ಒಯ್ಯುವ ಧಮನಿ ಒಬ್ಬೊಬ್ಬರಲ್ಲಿ ಒಂದೊಂದು ಕಡೆಯಿಂದ ಹೊರಡುತ್ತದೆ. ಪಿತ್ತಕೋಶ ತೆಗೆಯುವ ಸರ್ಜನ್ ಆ ಸಣ್ಣ ತ್ರಿಕೋನದಲ್ಲಿ ಯಾವುದನ್ನೂ ಕತ್ತರಿಸುವ ಮೊದಲು ಅದು ಅದೇ ಹೌದೇ ಎಂದು ಬಿಡಿಸಿ ನೋಡಲೇಬೇಕು. ಈ ಅನುಮಾನದ ಅಭ್ಯಾಸ ಡಿಸೆಕ್ಷನ್ ಹಾಲಿನಲ್ಲಿ ಬರುತ್ತದೆ. ನಮ್ಮ ಮೇಜಿನ ದೇಹದಲ್ಲಿ ಇದ್ದದ್ದು ಪಕ್ಕದ ಮೇಜಿನಲ್ಲಿ ಇಲ್ಲ ಎಂದು ಕಂಡಾಗ ಹದಿನೆಂಟರ ಹುಡುಗಿಗೆ ಗೊತ್ತಾಗುತ್ತದೆ, ರೋಗಿಗಳು ಪಠ್ಯಪುಸ್ತಕ ಓದಿಕೊಂಡು ಹುಟ್ಟಿದವರಲ್ಲ ಎಂದು.

ಇನ್ನೊಂದು ಸಂಗತಿಯೂ ಇದೆ. ಹೊಸ ಪಠ್ಯಕ್ರಮದ ನಡೆನುಡಿ ಮತ್ತು ನೈತಿಕತೆಯ ಭಾಗದಲ್ಲಿ, ಮೃತದೇಹವೇ ನಮ್ಮ ಮೊದಲ ಗುರು ಎಂಬ ಒಂದು ಪಾಠವನ್ನೇ ಇಟ್ಟಿದ್ದಾರೆ. ಅನೇಕ ಕಾಲೇಜುಗಳಲ್ಲಿ ಮೊದಲ ದಿನ ವಿದ್ಯಾರ್ಥಿಗಳು ಆ ದೇಹದ ಮುಂದೆ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ಅಂಥ ಗುರುವನ್ನು ಕೊಟ್ಟ ಒಂದು ಮನೆ ನಮ್ಮಲ್ಲೇ ಇದೆ. ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದ. ದೇಹ ಊರಿಗೆ ಬಂದ ಮೇಲೆ ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ವೈದ್ಯನಾಗಬೇಕೆಂದು ಹೊರಟ ಮಗ ಮುಂದಿನವರು ವೈದ್ಯರಾಗಲು ನೆರವಾಗಲಿ ಎಂದುಕೊಂಡ ಆ ತಂದೆತಾಯಿಗೆ ನಾವು ಎಷ್ಟು ಋಣಿಗಳಾಗಿರಬೇಕು! ದೇಹ ಒಪ್ಪಿಸುವ ಮನೆಗಳು ಇರುವವರೆಗೆ, ಖರ್ಚು ಕಡಿಮೆ ಎಂಬ ಕಾರಣಕ್ಕೆ ಪರದೆಯೇ ಸಾಕೆನ್ನುವ ಮಾತನ್ನು ನಮ್ಮ ಕಾಲೇಜುಗಳು ಆಡಬಾರದು.

ಕೈ, ಮೂಗು, ಬೆರಳ ತುದಿ ಕಲಿಯುವ ವಿದ್ಯೆಗೆ ಬದಲಿ ಇಲ್ಲ. ಎದೆಯಲ್ಲಿ ನೀರು ತುಂಬಿದ್ದರೆ ಬೆರಳಿನಿಂದ ಬಡಿದಾಗ ಸದ್ದು ಮೊಂಡಾಗುವುದಷ್ಟೇ ಅಲ್ಲ, ಬಡಿದ ಬೆರಳಿಗೇ ಒಂದು ಗಟ್ಟಿತನ ತಾಗುತ್ತದೆ. ಊದಿದ ಲಿವರಿನ ಅಂಚು ಉಸಿರೆಳೆದಾಗ ಕೆಳಗಿಳಿದು ಬೆರಳಿಗೆ ಬಂದು ಮುಟ್ಟುವ ಆ ಕ್ಷಣವನ್ನು ಯಾವ ವಿಡಿಯೋವೂ ಕೊಡಲಾರದು. ಹೊಟ್ಟೆಯೊಳಗೆ ರಕ್ತಸ್ರಾವವಾದ ರೋಗಿಯ ಕಪ್ಪು ಮಲದ ವಾಸನೆಯನ್ನು ಒಮ್ಮೆ ಬಲ್ಲ ವೈದ್ಯ ವಾರ್ಡಿನ ಬಾಗಿಲಲ್ಲೇ ರೋಗ ಊಹಿಸಬಲ್ಲ. ಸಕ್ಕರೆ ಕಾಯಿಲೆ ಕೈಮೀರಿದಾಗ ಉಸಿರಿನಲ್ಲಿ ಬರುವ ಹಣ್ಣಿನಂಥ ವಾಸನೆಯೂ ಹಾಗೆಯೇ. ಕೌಶಲ ಪ್ರಯೋಗಾಲಯಗಳ ಬೊಂಬೆಗಳು ಇದರಲ್ಲಿ ಒಂದು ಪಾಲನ್ನು ಕಲಿಸುತ್ತವೆ. ಸೂಜಿ ಹಾಕುವುದು, ಹೊಲಿಗೆ, ಎದೆ ಒತ್ತಿ ಉಸಿರು ತರಿಸುವುದನ್ನು ಮೊದಲು ಬೊಂಬೆಯ ಮೇಲೆ ಕಲಿಯುವುದು ರೋಗಿಗೆ ತೋರುವ ಮರ್ಯಾದೆಯೂ ಹೌದು. ಅದೂ ಕೈಯಿಂದ ಮಾಡುವ ಕಲಿಕೆಯೇ, ಆನ್‌ಲೈನ್ ಅಲ್ಲ.

ರೋಗಿಯ ಮಾತು ಕೇಳುವುದು ಮತ್ತೊಂದು. ಹೊಸ ಪಠ್ಯಕ್ರಮದ ಆರಂಭದ ದಿನಗಳಲ್ಲಿ ಸ್ಥಳೀಯ ಭಾಷೆಯ ತರಬೇತಿಗೆ ಜಾಗ ಇದೆ. ನೀಟ್ ಮೂಲಕ ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದ ವಿದ್ಯಾರ್ಥಿ ಕನ್ನಡದ ಮೊದಲ ಪಾಠಗಳನ್ನು ಮೊಬೈಲಿನಲ್ಲೇ ಕಲಿಯಬಹುದು, ಕಲಿಯಲಿ. ಆದರೆ ಕಲಬುರಗಿಯ ಅಜ್ಜಿ ‘ದಮ್ಮ ಹತ್ತತೈತಿ’ ಅನ್ನುವುದು, ಮಂಡ್ಯದ ರೈತ ‘ಎದೆ ಒಂಥರಾ ಆಯ್ತದೆ’ ಎಂದಷ್ಟೇ ಹೇಳಿ ಸುಮ್ಮನಾಗುವುದು, ಜೊತೆಗೆ ಬಂದ ಸೊಸೆ ಮುಖ ನೋಡದೆ ನೆಲ ನೋಡುತ್ತಾ ಉತ್ತರಿಸುವುದು ಒಪಿಡಿಯ ಬೆಂಚಿನ ಮೇಲೆ ಮಾತ್ರ ಸಿಗುವ ವಿದ್ಯೆ. ಎಷ್ಟು ದಿನದಿಂದ ಎಂದು ಕೇಳಿದರೆ ‘ಬಾಳ ದಿನ ಆತ್ರಿ’ ಎನ್ನುವವರಿಂದ ದಿನಾಂಕ ಹೊರಡಿಸಲು ಹಬ್ಬ, ಜಾತ್ರೆ, ಕಟಾವಿನ ಲೆಕ್ಕ ಬೇಕು. ಕೇಸ್ ತೆಗೆದುಕೊಳ್ಳುವುದು ಎಂದು ಕರೆಯುವ ಈ ಕೆಲಸವನ್ನು ಎರಡನೆಯ ವರ್ಷದಿಂದ ಕೊನೆಯ ವರ್ಷದವರೆಗೆ ನೂರಾರು ಸಲ ಮಾಡಿದ ಮೇಲೆ ಕೈಗೆ ಹತ್ತುತ್ತದೆ.

ಕೋವಿಡ್ ವಾರ್ಡಿನ ಈ ಕಲಿಕೆಯ ಸರಪಳಿಯನ್ನೇ ಕಡಿಯಿತು. 2020ರ ಮಾರ್ಚ್ 17ರಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ವಿದ್ಯಾರ್ಥಿಗಳನ್ನು ರೋಗಿಗಳಿಂದ ದೂರವಿಡಲು ಸಲಹೆ ಮಾಡಿತು; ರಕ್ಷಣಾ ಕವಚಗಳೇ ಸಾಲದೆ ಬಂದ ದಿನಗಳವು. ನಮ್ಮಲ್ಲಿ ಮಾರ್ಚ್ 25ರಿಂದ ಲಾಕ್‌ಡೌನ್. ಹಾಸ್ಟೆಲ್‌ಗಳು ಖಾಲಿಯಾದವು. ಆ ವರ್ಷ ನೀಟ್ ನಡೆದದ್ದೇ ಸೆಪ್ಟೆಂಬರ್ 13ಕ್ಕೆ. ಮೊದಲ ವರ್ಷದ ತರಗತಿ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ಡಿಸೆಕ್ಷನ್ ಹಾಲಿಗೆ ಕಾಲಿಟ್ಟು ಕೆಲವು ವಾರ ಕಳೆಯುವಷ್ಟರಲ್ಲಿ ಎರಡನೆಯ ಅಲೆ ಬಂದು ಮತ್ತೆ ಮನೆ. ಮಲೆನಾಡು, ಕರಾವಳಿಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿ ವಿದ್ಯಾರ್ಥಿಗಳು ಗುಡ್ಡ ಹತ್ತಿದ್ದು, ಮಳೆಯಲ್ಲಿ ಛತ್ರಿ ಹಿಡಿದು ರಸ್ತೆ ಬದಿ ಪಾಠ ಕೇಳಿದ್ದು ಪತ್ರಿಕೆಗಳಲ್ಲಿ ಬಂತು. ಸರ್ಕಾರಿ ಸೀಟು ಪಡೆದ ಬಡ ಮನೆಯ ಮಗುವಿಗೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೂ ಹಾಸ್ಟೆಲ್ ಒಂದೇ ಮಟ್ಟದ ಜಾಗ ಕೊಟ್ಟಿತ್ತು. ಮನೆಗೆ ಕಳಿಸಿದ ದಿನ ಆ ಸಮಾನತೆ ಹೋಯಿತು. ಆನ್‌ಲೈನ್ ಶಿಕ್ಷಣದ ಲೆಕ್ಕ ಹಾಕುವವರು ಈ ಖರ್ಚನ್ನು ಯಾವತ್ತೂ ಬಿಡಬಾರದು.

ಅದೇ ಎರಡನೆಯ ಅಲೆ ಇನ್ನೊಂದನ್ನೂ ತೋರಿಸಿತು. 2021ರ ಮೇ 3ರಂದು ಕೇಂದ್ರ ಸರ್ಕಾರ, ಕೊನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಅಧ್ಯಾಪಕರ ಉಸ್ತುವಾರಿಯಲ್ಲಿ ದೂರವಾಣಿ ಸಮಾಲೋಚನೆಗೂ ಸೌಮ್ಯ ಕೋವಿಡ್ ರೋಗಿಗಳ ನಿಗಾಕ್ಕೂ ಬಳಸಬಹುದು ಎಂದಿತು. ಅದಕ್ಕೆ ಒಂದು ವರ್ಷ ಮುಂಚೆ, ಲಾಕ್‌ಡೌನಿನ ಮೊದಲ ದಿನವೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿದ್ದಿತ್ತು. ಈಗ ಇ-ಸಂಜೀವಿನಿಯಂಥ ವ್ಯವಸ್ಥೆಯಲ್ಲಿ ಪರದೆಯ ಮೇಲೆ ರೋಗಿ ನೋಡುವುದು ದಿನನಿತ್ಯದ ಕೆಲಸ. ಮುಟ್ಟದೆ ಏನನ್ನು ತೀರ್ಮಾನಿಸಬಹುದು, ಯಾವಾಗ ಫೋನ್ ಇಟ್ಟು ‘ಕೂಡಲೇ ಆಸ್ಪತ್ರೆಗೆ ಬನ್ನಿ’ ಎನ್ನಬೇಕು ಎಂಬುದೂ ಒಂದು ಕೌಶಲ. ಇದನ್ನು ಆನ್‌ಲೈನ್‌ನಲ್ಲೇ ಕಲಿಸಬೇಕು. ಇನ್ನೂ ಸರಿಯಾಗಿ ಕಲಿಸುತ್ತಿಲ್ಲ.

ವೈದ್ಯಕೀಯ ಆಯೋಗ 2020ರಲ್ಲಿ ಆನ್‌ಲೈನ್ ಕಲಿಕೆ ಮತ್ತು ಮೌಲ್ಯಮಾಪನದ ಬಗ್ಗೆ ಒಂದು ಕೈಪಿಡಿ ತಂದಿತು. ಕಾಲೇಜುಗಳು ತೆರೆಯುತ್ತಲೇ ಅದನ್ನು ಬಹುಮಂದಿ ಮರೆತರು. ವಿದ್ಯಾರ್ಥಿಗಳು ಮರೆಯಲಿಲ್ಲ, ಅವರು ತಮ್ಮದೇ ಆನ್‌ಲೈನ್ ಕಾಲೇಜಿಗೆ ಸೇರಿಕೊಂಡರು. ಇವತ್ತು ಯಾವ ಹಾಸ್ಟೆಲಿಗೆ ಹೋದರೂ ಮ್ಯಾರೋ, ಪ್ರೆಪ್‌ಲ್ಯಾಡರ್ ಎಂಬ ಆ್ಯಪ್‌ಗಳ ಹೆಸರುಗಳು ಉಪನ್ಯಾಸಕರ ಹೆಸರಿಗಿಂತ ಹೆಚ್ಚು ಕೇಳುತ್ತವೆ. ಅವುಗಳ ಪಾಠ ಬಹಳ ಸಲ ಚೆನ್ನಾಗಿಯೇ ಇರುತ್ತದೆ: ಸ್ಪಷ್ಟ ಚಿತ್ರ, ಚುರುಕಾದ ನಿರೂಪಣೆ, ಪಾಠದ ಬೆನ್ನಿಗೇ ಪ್ರಶ್ನೆಗಳು. ಓದಿದ್ದನ್ನು ಮತ್ತೆ ಓದುವುದಕ್ಕಿಂತ ಬಿಡುವು ಬಿಟ್ಟು ನೆನಪಿಸಿಕೊಂಡು ಉತ್ತರಿಸಿದರೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಮನೋವಿಜ್ಞಾನದಲ್ಲಿ ಗಟ್ಟಿಯಾಗಿ ನಿಂತ ಸಂಗತಿ. ಆ್ಯಪ್‌ಗಳು ಅದನ್ನು ಬಳಸಿಕೊಂಡಿವೆ, ಕಾಲೇಜುಗಳು ಬಳಸಿಕೊಂಡಿಲ್ಲ.

ತೊಂದರೆ ಇರುವುದು ಆ ಪಾಠ ಎತ್ತ ಎಳೆಯುತ್ತದೆ ಎಂಬುದರಲ್ಲಿ. ಸ್ನಾತಕೋತ್ತರ (ಪಿಜಿ) ಸೀಟಿನ ಪರೀಕ್ಷೆಯಾದ ನೀಟ್-ಪಿಜಿ ಎಂದರೆ ಮೂರೂವರೆ ಗಂಟೆಯಲ್ಲಿ 200 ಪ್ರಶ್ನೆ. ಬರೆಯುವವರು ಎರಡು ಲಕ್ಷಕ್ಕೂ ಹೆಚ್ಚು. ಅಲ್ಲಿ ಯಾರೂ ಲಿವರ್ ಮುಟ್ಟಿ ತೋರಿಸಬೇಕಿಲ್ಲ. ಥಿಯರಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಹಾಜರಿ ಇರಬೇಕೆಂಬ ನಿಯಮವನ್ನು ಪೂರೈಸಿ, ವಾರ್ಡಿನ ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಪ್ರಶ್ನೆ ಬಿಡಿಸುವ ವಿದ್ಯಾರ್ಥಿಯನ್ನು ನಾನು ಬೈಯಲಾರೆ. ಅವನ ಮುಂದಿನ ಮೂವತ್ತು ವರ್ಷವನ್ನು ಆ 200 ಪ್ರಶ್ನೆಗಳು ನಿರ್ಧರಿಸುತ್ತವೆ. ಹೌಸ್ ಸರ್ಜನ್ಸಿ, ಅಂದರೆ ಇಂಟರ್ನ್‌ಶಿಪ್‌ನ ಒಂದು ವರ್ಷ, ಕೈ ಪಳಗಬೇಕಾದ ವರ್ಷ, ಓದಿನ ರಜೆಯಾಗಿ ಕರಗುತ್ತಿದೆ ಎಂಬ ಹಿರಿಯ ಅಧ್ಯಾಪಕರ ಕೊರಗು ನಿಜ. ಅದಕ್ಕೆ ಪರದೆಗಿಂತ ಹೆಚ್ಚಿನ ಹೊಣೆ ಪರೀಕ್ಷೆಯದು.

ಕಾಲೇಜಿನ ಕಡೆಯ ಅಪಾಯ ಇನ್ನೂ ದೊಡ್ಡದು. 2014ರಲ್ಲಿ ದೇಶದಲ್ಲಿ 387 ವೈದ್ಯಕೀಯ ಕಾಲೇಜುಗಳಿದ್ದವು, ಹತ್ತು ವರ್ಷದಲ್ಲಿ ಆ ಸಂಖ್ಯೆ 700 ದಾಟಿತು. ಎಂಬಿಬಿಎಸ್ ಸೀಟುಗಳು ಐವತ್ತೊಂದು ಸಾವಿರದ ಆಸುಪಾಸಿನಿಂದ ಒಂದು ಲಕ್ಷ ಮೀರಿದವು. ಅಧ್ಯಾಪಕರು ಆ ವೇಗದಲ್ಲಿ ಹುಟ್ಟುವುದಿಲ್ಲ. ಬೋಧಕರ ಕೊರತೆ ಇರುವ ಹೊಸ ಕಾಲೇಜಿಗೆ ಧ್ವನಿಮುದ್ರಿತ ಪಾಠ ವರವಾಗಬಹುದು; ಫೊರೆನ್ಸಿಕ್ ಮೆಡಿಸಿನ್‌ನ ಒಬ್ಬ ಒಳ್ಳೆಯ ಪ್ರೊಫೆಸರ್ ಇಡೀ ರಾಜ್ಯಕ್ಕೆ ಕಲಿಸಬಹುದು. ಅದೇ ಸೌಲಭ್ಯ, ಖಾಲಿ ಬೆಡ್ಡುಗಳನ್ನೂ ಇಲ್ಲದ ಬೋಧಕರನ್ನೂ ಮುಚ್ಚಿಡುವ ಪರದೆಯೂ ಆಗಬಹುದು. ರೋಗಿಗಳೇ ಬಾರದ ಆಸ್ಪತ್ರೆಗೆ ಎಷ್ಟು ಒಳ್ಳೆಯ ವಿಡಿಯೋ ಕೊಟ್ಟರೂ ಅದು ವೈದ್ಯಕೀಯ ಕಾಲೇಜು ಆಗುವುದಿಲ್ಲ.

ಪರದೆಯನ್ನು ರೋಗಿಯ ಕಡೆಗೆ ತಿರುಗಿಸಿದ ಎರಡು ಮಾದರಿಗಳನ್ನು ಹೇಳಲೇಬೇಕು. ಎರಡೂ ಪದವಿ ಮುಗಿಸಿದ ವೈದ್ಯರಿಗಾಗಿ ಹುಟ್ಟಿದವು, ವಿದ್ಯಾರ್ಥಿಗಳಿಗೂ ಹೊಂದುತ್ತವೆ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಂಜೀವ್ ಅರೋರಾ 2003ರಲ್ಲಿ ಪ್ರಾಜೆಕ್ಟ್ ಎಕೋ ಆರಂಭಿಸಿದರು. ಹೆಪಟೈಟಿಸ್ ಸಿ ರೋಗಿಗಳನ್ನು ದೂರದ ನಗರಕ್ಕೆ ಕರೆಸುವ ಬದಲು, ಹಳ್ಳಿಯ ವೈದ್ಯರೂ ಜೈಲಿನ ವೈದ್ಯರೂ ತಮ್ಮ ನಿಜವಾದ ಕೇಸುಗಳನ್ನು ವಾರವಾರ ವಿಡಿಯೋದಲ್ಲಿ ತಂದು ತಜ್ಞರೊಂದಿಗೆ ಚರ್ಚಿಸುತ್ತಿದ್ದರು. 407 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು: ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ವೈರಸ್ ನಿವಾರಣೆಯಾದವರು ಶೇ. 57.5, ಹಳ್ಳಿ ಮತ್ತು ಜೈಲುಗಳಲ್ಲಿ ಶೇ. 58.2. ಆನ್‌ಲೈನ್ ಕಲಿಕೆಯ ಫಲವನ್ನು ಅಂಕಗಳಲ್ಲಿ ಹುಡುಕದೆ ರೋಗಿಯ ರಕ್ತದಲ್ಲೇ ಅಳೆದ ಅಪರೂಪದ ಲೆಕ್ಕ ಇದು.

ಎರಡನೆಯದು ನಮ್ಮದೇ ನಿಮ್ಹಾನ್ಸ್‌ನದು. ಬೆಂಗಳೂರಿನ ಮನೋವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ವಿಡಿಯೋದಲ್ಲಿ ಕೂರುತ್ತಾರೆ. ಕೇಂದ್ರದ ವೈದ್ಯರು ಎಂದಿನಂತೆ ತಮ್ಮ ಒಪಿಡಿ ನಡೆಸುತ್ತಾರೆ. ತಲೆನೋವು, ನಿದ್ದೆಗೇಡು, ಮೈಕೈ ನೋವು ಎಂದು ಬಂದವರಲ್ಲಿ ಖಿನ್ನತೆಯನ್ನೋ ಆತಂಕವನ್ನೋ ಕುಡಿತದ ಚಟವನ್ನೋ ಗುರುತಿಸುವುದನ್ನು ಮನೋವೈದ್ಯರು ರೋಗಿ ಎದುರಿಗಿರುವಾಗಲೇ ಕಲಿಸುತ್ತಾರೆ. ಪಾಠ ಮೊದಲು, ರೋಗಿ ಆಮೇಲೆ ಎಂಬ ಕ್ರಮ ಇಲ್ಲಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಪೋಸ್ಟಿಂಗ್‌ಗೆ ಹೋಗುವ ಇಂಟರ್ನಿಗಳಿಗೆ ಇದೇ ವ್ಯವಸ್ಥೆಯನ್ನು ಚರ್ಮರೋಗಕ್ಕೂ ಮಕ್ಕಳ ವಿಭಾಗಕ್ಕೂ ಹಿಗ್ಗಿಸಲು ದೊಡ್ಡ ಹಣ ಬೇಡ, ಮನಸ್ಸು ಬೇಕು.

ಸಂಶೋಧನಾ ವಿಧಾನ, ಅಂಕಿಅಂಶ, ನೈತಿಕ ನಿಯಮಗಳಂಥ ವಿಷಯಗಳಿಗೆ ಆನ್‌ಲೈನ್ ಸಾಕು ಎಂಬುದಂತೂ ಸಾಬೀತಾಗಿದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವೇದಿಕೆಯ ಮೂಲಕ ನಡೆಸುವ ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲಪಾಠವನ್ನು ಪಿಜಿ ವಿದ್ಯಾರ್ಥಿಗಳೆಲ್ಲ ಮುಗಿಸಲೇಬೇಕು. ಬೀದರಿನವನಿಗೂ ಮುಂಬೈಯವಳಿಗೂ ಅದೇ ಪಾಠ, ಅದೇ ಪರೀಕ್ಷೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ಹೆಲಿನೆಟ್ ಡಿಜಿಟಲ್ ಗ್ರಂಥಾಲಯ ಕಟ್ಟಿ, ತನ್ನ ಕಾಲೇಜುಗಳಿಗೆ ವಿದೇಶಿ ನಿಯತಕಾಲಿಕಗಳನ್ನು ಒಟ್ಟಾಗಿ ಒದಗಿಸಿತು. ಒಂದೊಂದು ಕಾಲೇಜು ಒಬ್ಬಂಟಿಯಾಗಿ ಕೊಳ್ಳಲಾರದ್ದನ್ನು ಎಲ್ಲರೂ ಸೇರಿ ಕೊಂಡ ಆ ಬುದ್ಧಿಯನ್ನು ಪಾಠಗಳಿಗೂ ಹಚ್ಚಬಹುದು. ಕರ್ನಾಟಕದ ಅತ್ಯುತ್ತಮ ಬೋಧಕರ ಉಪನ್ಯಾಸಗಳ ಒಂದು ಸಾಮಾನ್ಯ ಭಂಡಾರವಿದ್ದರೆ ಬ್ರೆಕಿಯಲ್ ಪ್ಲೆಕ್ಸಸ್ ಎಂಬ ನರಜಾಲದ ಪಾಠವನ್ನು ಎಲ್ಲ ಕಾಲೇಜುಗಳಲ್ಲೂ ಬೇರೆ ಬೇರೆಯಾಗಿ, ಬೇಸತ್ತ ದನಿಯಲ್ಲಿ ಹೇಳಬೇಕಿಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದೇ ಮಾತು. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಲ್ಲಿ ಚಾಟ್‌ಜಿಪಿಟಿ ತೇರ್ಗಡೆಯ ಗಡಿ ಮುಟ್ಟಿತೆಂದು 2023ರ ಫೆಬ್ರುವರಿಯಲ್ಲಿ ಒಂದು ಅಧ್ಯಯನ ಬಂತು. ಯಂತ್ರ ಪಾಸಾಗಬಲ್ಲ ಪರೀಕ್ಷೆಯಿಂದ ಮಾತ್ರ ವೈದ್ಯರನ್ನು ಆರಿಸುವುದು ಇನ್ನೆಷ್ಟು ದಿನ ಎಂಬ ಪ್ರಶ್ನೆ ಆಗಿನಿಂದ ಇನ್ನೂ ಮೊನಚಾಗಿದೆ.

ಆ ಪ್ರಶ್ನೆಗೆ ಕಾನೂನಿನಲ್ಲಿ ಒಂದು ಉತ್ತರ ಸಿದ್ಧವಾಗಿಯೇ ಇತ್ತು. 2019ರ ವೈದ್ಯಕೀಯ ಆಯೋಗ ಕಾಯ್ದೆ ‘ನೆಕ್ಸ್ಟ್’ ಎಂಬ ನಿರ್ಗಮನ ಪರೀಕ್ಷೆಯನ್ನು ತಂದಿತು. 2023ರ ಜೂನ್‌ನ ನಿಯಮಗಳಲ್ಲಿ ಅದರ ಎರಡನೆಯ ಹಂತ ಇಂಟರ್ನ್‌ಶಿಪ್ ಮುಗಿದ ಮೇಲೆ ನಡೆಯುವ ಪ್ರಾಯೋಗಿಕ ಪರೀಕ್ಷೆ. ಜುಲೈನಲ್ಲಿ ಅದನ್ನು ಮುಂದೂಡಲಾಯಿತು. ವಿದ್ಯಾರ್ಥಿಗಳ ವಿರೋಧಕ್ಕೆ ಕಾರಣಗಳಿದ್ದವು, ತಯಾರಿಗೆ ಸಮಯ ಕೊಡದೆ ಹೇರಿದ್ದು ಸರಿಯಲ್ಲ. ಆದರೆ ರೋಗಿಯ ಎದುರು ಏನು ಮಾಡಬಲ್ಲೆ ಎಂದು ಕೇಳುವ ಒಂದು ಹಂತಕ್ಕೆ ಪಿಜಿ ಸೀಟಿನ ಲೆಕ್ಕದಲ್ಲಿ ಸ್ವಲ್ಪವಾದರೂ ತೂಕ ಸಿಗುವವರೆಗೆ ಹಾಸ್ಟೆಲಿನ ಆ್ಯಪ್ ವಾರ್ಡನ್ನು ಸೋಲಿಸುತ್ತಲೇ ಇರುತ್ತದೆ. ಅದು ಆಗುವ ಮೊದಲೇ ಮಾಡಬಹುದಾದ ಕೆಲಸವೂ ಉಂಟು. ಪಾಠವನ್ನು ಪರದೆಗೆ ಒಪ್ಪಿಸಿದ ಪ್ರತಿ ಕಾಲೇಜೂ, ಅದರಿಂದ ಉಳಿದ ಗಂಟೆಗಳಲ್ಲಿ ತನ್ನ ಅಧ್ಯಾಪಕರು ಎಷ್ಟು ಹೊತ್ತು ವಿದ್ಯಾರ್ಥಿಗಳ ಜೊತೆ ರೋಗಿಯ ಮಗ್ಗುಲಲ್ಲಿ ನಿಂತರು ಎಂದು ಬರೆದುಕೊಡಬೇಕು. ವಿದ್ಯಾರ್ಥಿಯ ಕೈಯಲ್ಲಿ ಲಾಗ್‌ಬುಕ್ ಈಗಾಗಲೇ ಇದೆ. ಅಧ್ಯಾಪಕರ ಹಾಜರಿಯನ್ನು ಆಧಾರ್ ಬಯೋಮೆಟ್ರಿಕ್‌ನಲ್ಲಿ ಎಣಿಸುತ್ತಿರುವ ಆಯೋಗ ಈ ಒಂದು ಲೆಕ್ಕವನ್ನೂ ಮುಂದಿನ ಪರಿಶೀಲನೆಯಲ್ಲೇ ಕೇಳಬಹುದು.